ಯಾರದೋ ಮನೆಯ ಹಾಡು

ಹಳೆಯ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಗೆ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯಾವುದೋ ಒಂದನ್ನು ಹುಡುಕಿಕೊಂಡು ಹೋಗಿರುತ್ತೇವೆ. ಅದು ಸಿಗದಿದ್ದರೂ ಬೇಸರವಾಗುವುದಿಲ್ಲ. ಸಾಲಾಗಿ ನಿಲ್ಲಿಸಿದ ಕವರುಗಳನ್ನು ಒಂದೊಂದಾಗಿ ಸರಿಸುತ್ತ ಹೋದಂತೆ ಭೀಮಸೇನ ಜೋಶಿಯವರ ಹಿಂದೆ ಒಂದು ಹಿಂದಿ ಚಿತ್ರ, ಅದರ ಹಿಂದೆ ಹರಿಕಥೆ. ಒಂದನ್ನು ಹೊರತೆಗೆದು, ಅಂಚನ್ನಷ್ಟೇ ಅಂಗೈಗಳ ನಡುವೆ ಹಿಡಿದು, ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಓರೆ ಮಾಡಿ ನೋಡುವಾಗ ಮನಸ್ಸೂ ತಾನಾಗಿ ನಿಧಾನಿಸುತ್ತದೆ.

ಇಂಥ ಅಂಗಡಿಯ ಅರ್ಧ ಸಂಪತ್ತು ಅದನ್ನು ನಡೆಸುವವರ ನೆನಪಿನಲ್ಲಿರುತ್ತದೆ. ಗಾಯಕಿ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಎಚ್‌ಎಂವಿ ಕಂಪನಿಯ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಬಲ್ಲವರು ಬೆರಳಿಟ್ಟು ತೋರಿಸದಿದ್ದರೆ ನಾವು ಅದನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ಕೆಲವು ಅಂಗಡಿಗಳು ಕೇಳುವುದಕ್ಕೂ ಜಾಗ ಕೊಡುತ್ತಿದ್ದವು. ಮುಂಬೈ ಕಾಳಾ ಘೋಡಾದ ಸಂಗೀತದಂಗಡಿ ರಿದಮ್ ಹೌಸ್‌ನಲ್ಲಿ ಕೊಳ್ಳುವ ಮೊದಲು ಕೇಳಿ ನೋಡಲೆಂದೇ ಪುಟ್ಟ ಕೋಣೆಗಳಿದ್ದವು. 2016ರಲ್ಲಿ ಅದು ಬಾಗಿಲು ಹಾಕಿದಾಗ ಎಷ್ಟೋ ಜನ ಮರುಗಿದರು.

ಹಳೆಯ ತಟ್ಟೆಗಳು ಅಂಗಡಿಗೆ ಬರುವುದು ನಮ್ಮ ನಿಮ್ಮಂಥವರ ಮನೆಗಳಿಂದ. ಕೆಲವು ಕವರುಗಳ ಮೂಲೆಯಲ್ಲಿ ಮಾಸಿದ ಶಾಯಿಯ ಹೆಸರು, ಮದುವೆಯ ಉಡುಗೊರೆ ಎಂಬ ಬರಹ. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಅರಗು ಬೆರೆಸಿ ಮಾಡುತ್ತಿದ್ದರು. ಕೈಜಾರಿದರೆ ಹೆಂಚಿನಂತೆ ಒಡೆಯುತ್ತಿದ್ದವು. ಅಂಥದ್ದು ಎಂಬತ್ತು ವರ್ಷ ಉಳಿದು ಬಂದಿದೆಯೆಂದರೆ, ಯಾರೋ ಅದನ್ನು ಮಕ್ಕಳ ಕೈಗೆ ಎಟುಕದಂತೆ ಎತ್ತಿಟ್ಟಿರಬೇಕು, ಮನೆ ಬದಲಿಸುವಾಗ ಸೀರೆಯ ಮಡಿಕೆಯಲ್ಲಿ ಸುತ್ತಿ ಸಾಗಿಸಿರಬೇಕು. ಹೆಸರೂ ಗೊತ್ತಿಲ್ಲದ ಆ ಗೃಹಸ್ಥರ ಜತನ ಇಂದು ನಮ್ಮ ಕಿವಿಗೆ ದಕ್ಕುತ್ತಿದೆ. ಅವರಿಗೆ ನಾವು ನಿಜವಾಗಿ ಋಣಿಗಳು.

ನಮ್ಮ ಅಟ್ಟದ ಮೇಲೂ ಅಂಥ ಪೆಟ್ಟಿಗೆಯೊಂದು ಇದ್ದೀತು. ಒಂದರ ಮೇಲೊಂದು ಪೇರಿಸಿದ್ದರೆ ಕೆಳಗಿನವು ಭಾರಕ್ಕೆ ಹಾಳಾಗುತ್ತವೆ. ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡೋಣ. ಕೇಳಲು ಯಂತ್ರವಿಲ್ಲವೆಂದು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಇಂಥ ಅಂಗಡಿಯವರಿಗೆ ಒಂದು ಮಾತು ತಿಳಿಸೋಣ. ಹೆಚ್ಚು ದುಡ್ಡು ಬರದಿರಬಹುದು. ಕವರಿನ ಮೇಲೆ ಹಿರಿಯರು ಬರೆದ ಹೆಸರನ್ನು ಅಳಿಸುವುದು ಬೇಡ. ಗೀರು ಬಿದ್ದವನ್ನು ಬೇರೆಯಾಗಿಟ್ಟು, ಗೀರು ಬಿದ್ದಿದೆಯೆಂದು ಹೇಳಿಯೇ ಕೊಡೋಣ.