ಗೆರೆ ಯಾರದು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಮ್ಮ ಶಾಲೆಯ ಸ್ಮರಣ ಸಂಚಿಕೆಯ ಮುಖಪುಟದಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಕೂದಲೆಳೆಯಂಥ ಬಿಳಿ ಗೆರೆಗಳು ಕಂಡವು. ಡಿಟಿಪಿ ಹುಡುಗಿಯ ಮಜೂರಿ ಹಿಡಿಯಬೇಕೆಂದು ಸಮಿತಿಯಲ್ಲಿ ಮಾತಾಯಿತು.

ಅವಳು ಚಿತ್ರವನ್ನು 8 ಪಟ್ಟು ಹಿಗ್ಗಿಸಿ ತೋರಿಸಿದಳು. ಗೆರೆ ಮಾತ್ರ ಅಷ್ಟೇ ತೆಳು! 2001ರಲ್ಲಿ ಬಂದ 1.4 ಆವೃತ್ತಿಗೆ ಹಿಂದಿನ ಮಾದರಿಯ ಪಿಡಿಎಫ್‌ಗೆ ಪಾರದರ್ಶಕ ಬಣ್ಣ ತಿಳಿಯದು. ಚಿತ್ರವನ್ನು ತುಂಡರಿಸಿ ಜೋಡಿಸಬೇಕಾಗುತ್ತದೆ. ಪರದೆಯು ಅಂಚುಗಳನ್ನು ನಯಗೊಳಿಸುವಾಗ ಆ ಬೆಸುಗೆ ಬೆಳ್ಳಗೆ ಕಾಣುತ್ತದೆ. ಸಾಮಾನ್ಯವಾಗಿ ಅಚ್ಚಿಗೆ ಇಳಿಯುವುದಿಲ್ಲ. ನಿಜವಾದ ಸಂದಾದರೆ ಚಿತ್ರದ ಜೊತೆ ತಾನೂ ಬೆಳೆಯುತ್ತದೆ. ಇನ್ನೊಂದು ವಿಚಿತ್ರ: 'ಓವರ್‌ಪ್ರಿಂಟ್' ಎಂದು ಗುರುತಾದ ಬಿಳಿ ಅಕ್ಷರ ಪರದೆಯಲ್ಲಿ ಚೆನ್ನಾಗಿ ಕಂಡು, ಕಾಗದದ ಮೇಲೆ ಮಾಯವಾಗಬಹುದು.

ಕಂಡದ್ದಕ್ಕೆಲ್ಲ ಶಿಕ್ಷೆ, ಕಾಣದ್ದಕ್ಕೆಲ್ಲ ಕ್ಷಮೆ ಎಂದರೆ ಅದು ನ್ಯಾಯವೇ? ಮನೆಯಲ್ಲೂ ಸೊಸೆಯ ಗೆರೆ ನಮಗೆ ಬೇಗ ಕಾಣುತ್ತದೆ; ಮಗನಲ್ಲಿ ಅಳಿಸಿಹೋಗುತ್ತಿರುವುದು ಕಾಣುವುದಿಲ್ಲ. ತಪ್ಪು ಕಂಡಾಗ ದೂರ ಸರಿಯದೆ ಹತ್ತಿರ ಹೋಗಬೇಕು. ಹತ್ತಿರವಾದಷ್ಟೂ ಅದು ಬೆಳೆದರೆ ಕೇಳುವ ಹಕ್ಕು ನಮಗುಂಟು. ಬೆಳೆಯದಿದ್ದರೆ ಗೆರೆ ಅವರದಲ್ಲ, ನಾವು ನೋಡಿದ ಕನ್ನಡಕದ್ದು.