ಹತ್ತು ಎಣಿಸುವಷ್ಟು ಹೊತ್ತು

ಗುಂಡಿಯನ್ನು ಪೂರ್ತಿ ಒತ್ತಿದ ಮೇಲೂ ಸೂಜಿಯನ್ನು ಕೂಡಲೇ ಹೊರಗೆಳೆಯಬಾರದು. ಪೆನ್ನಿನ ಪುಟ್ಟ ಕಿಟಕಿಯಲ್ಲಿ ಸೊನ್ನೆ ಕಾಣಿಸಿತೆಂದರೆ ಔಷಧಿಯೆಲ್ಲ ಒಳಗಿಳಿಯಿತು ಎಂದಲ್ಲ. ಹತ್ತು ಎಣಿಸಬೇಕು. ಸೂಜಿಯ ಉದ್ದ ನಾಲ್ಕು ಮಿಲಿಮೀಟರ್, ಅದರ ತೂತು ಕಣ್ಣಿಗೆ ಕಾಣದಷ್ಟು ಸಣ್ಣದು, ಹಾಗಾಗಿ ಇಳಿಯುವುದಕ್ಕೆ ಹೊತ್ತು ಬೇಕು. ಅವಸರಪಟ್ಟು ಎಳೆದರೆ ತುದಿಯಲ್ಲಿ ಒಂದು ಹನಿ ಉಳಿದು ಹೊಟ್ಟೆಯ ಮೇಲೆ ಜಾರುತ್ತದೆ. ಆಸ್ಪತ್ರೆಯ ವರಾಂಡದ್ದೇ ವಾಸನೆ ಅದಕ್ಕೆ.

ನಾಲ್ಕು ವರ್ಷದಿಂದ ದಿನಕ್ಕೆ ಎರಡು ಹೊತ್ತು ಹೀಗೆ ಎಣಿಸುತ್ತಿದ್ದೇನೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಆ ಹತ್ತು ಸೆಕೆಂಡಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಲಾಗುವುದಿಲ್ಲ. ಮಾತೂ ಆಡುವಂತಿಲ್ಲ, ಎಣಿಕೆ ತಪ್ಪುತ್ತದೆ. ಸುಮ್ಮನೆ ಇರಬೇಕು. ಹಾಗೆ ಸುಮ್ಮನಿದ್ದಾಗಲೇ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಾನೀಗ ಮಾಡುತ್ತಿರುವುದೇನು? ಯಾವುದೋ ತಪ್ಪಿಗೆ ದಂಡ ಕಟ್ಟುತ್ತಿದ್ದೇನೆಯೋ, ಇಲ್ಲಾ ಒಂದು ಕೊರತೆಯನ್ನು ತುಂಬುತ್ತಿದ್ದೇನೆಯೋ?

ಮೊದಲೆರಡು ವರ್ಷ ದಂಡವೆಂದೇ ತಿಳಿದಿದ್ದೆ. ಹನ್ನೊಂದು ವರ್ಷ ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿದ್ದವನಿಗೆ ಡಾಕ್ಟರು ರಿಪೋರ್ಟು ನೋಡಿ, “ಮೇಷ್ಟ್ರೇ, ಇನ್ನು ಇನ್ಸುಲಿನ್ ಶುರು ಮಾಡೋಣ” ಎಂದಾಗ, ವರ್ಷವಿಡೀ ಓದಿಯೂ ಫೇಲಾದ ಹುಡುಗನ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ನಮ್ಮ ಆಡುಮಾತನ್ನೇ ಗಮನಿಸಿ. “ಅವರು ಪಾಪ ಇನ್ಸುಲಿನ್‌ಗೆ ಬಂದುಬಿಟ್ರು” ಅನ್ನುತ್ತೇವೆ. “ನಾನಿನ್ನೂ ಮಾತ್ರೆಯಲ್ಲೇ ಇದ್ದೀನಿ” ಅನ್ನುವವರ ದನಿಯಲ್ಲಿ ತುಸು ಹೆಮ್ಮೆ ಇರುತ್ತದೆ. “ಬಾಯಿ ಕಟ್ಟಿದ್ದಿದ್ರೆ ಇದೆಲ್ಲ ಬರ್ತಿರಲಿಲ್ಲ” ಎಂಬ ಮಾತನ್ನಂತೂ ಮನೆಗೆ ಬಂದ ಪ್ರತಿಯೊಬ್ಬ ನೆಂಟರಿಂದಲೂ ಕೇಳಿದ್ದೇನೆ. ಯಾರೂ ಹೇಳದಿದ್ದರೆ ನಾನೇ ಹೇಳಿಕೊಳ್ಳುತ್ತಿದ್ದೆ. ಸೂಜಿ ಒಳಗಿಳಿದು ಚುರ್ ಎಂದಾಗ ಯಾವತ್ತೋ ತಿಂದ ಮೈಸೂರುಪಾಕು ನೆನಪಾಗುತ್ತಿತ್ತು. ಸೂಜಿ ನಿಜವಾಗಿ ನೋಯಿಸಿದ್ದು ಬಹಳ ಕಡಿಮೆ, ಇರುವೆ ಕಚ್ಚಿದಷ್ಟೂ ಅಲ್ಲ. ನೋವೆಲ್ಲ ಆ ಲೆಕ್ಕದ್ದು.

ಆಗ ಬಾಗಿಲು ಹಾಕಿಕೊಂಡೇ ಚುಚ್ಚಿಕೊಳ್ಳುತ್ತಿದ್ದೆ. ಮೊಮ್ಮಗಳು ಹೆದರುತ್ತಾಳೆ ಎಂಬುದು ನೆಪ. ಪೆನ್ನು ಜೇಬಿನಲ್ಲಿದ್ದರೆ ಬರೆಯುವ ಪೆನ್ನೇ ಅನ್ನಿಸುತ್ತದೆ, ಅದು ನನಗೆ ಅನುಕೂಲವೇ ಆಗಿತ್ತು. 1985ರಲ್ಲಿ ಡೆನ್ಮಾರ್ಕಿನ ನೋವೊ ಕಂಪನಿ ಮೊದಲ ಇನ್ಸುಲಿನ್ ಪೆನ್ನನ್ನು ಹೊರತಂದಾಗ ಅದಕ್ಕೆ ಶಾಯಿ ಪೆನ್ನಿನ ರೂಪ ಕೊಟ್ಟದ್ದು, ಜನ ಅದನ್ನು ಎಲ್ಲಿ ಬೇಕಾದರೂ ಒಯ್ಯಲಿ, ನಾಲ್ಕು ಜನರ ನಡುವೆಯೂ ಸಂಕೋಚವಿಲ್ಲದೆ ಬಳಸಲಿ ಎಂದಿರಬೇಕು. ನಾನು ಅದನ್ನು ಬಚ್ಚಿಡುವುದಕ್ಕೆ ಬಳಸಿಕೊಂಡೆ.

ನನ್ನ ಅಪ್ಪನಿಗೆ ಬಚ್ಚಿಡುವ ಅವಕಾಶವೇ ಇರಲಿಲ್ಲ. ಎಪ್ಪತ್ತರ ದಶಕ, ಅರಸೀಕೆರೆ ಬಳಿಯ ಹಳ್ಳಿ. ಬೆಳಗಾದರೆ ಅಮ್ಮ ಸ್ಟೀಲಿನ ಡಬ್ಬಿಯಲ್ಲಿ ಗಾಜಿನ ಸಿರಿಂಜು, ಸೂಜಿ ಹಾಕಿ ಒಲೆಯ ಮೇಲೆ ಕುದಿಸುವಳು. ನೀರು ಕೊತಕೊತ ಅನ್ನುವಾಗ ಸಿರಿಂಜು ಡಬ್ಬಿಗೆ ಬಡಿದು ಕಿಣಿಕಿಣಿ ಎನ್ನುತ್ತಿದ್ದದ್ದೇ ನಮಗೆ ಏಳುವ ಗಂಟೆ. ಸೂಜಿ ಮೊಂಡಾದರೆ ಅಪ್ಪ ನುಣುಪು ಕಲ್ಲಿಗೆ ತೇಯುತ್ತಿದ್ದರು. ಫ್ರಿಜ್ಜು ಎಲ್ಲಿಂದ ಬರಬೇಕು? ಔಷಧಿಯ ಶೀಷೆ ದೊಡ್ಡ ಮಡಕೆಯೊಳಗಿನ ಚಿಕ್ಕ ಮಡಕೆಯಲ್ಲಿ, ನಡುವೆ ಒದ್ದೆ ಮರಳಿನ ತಂಪಿನಲ್ಲಿ ಇರುತ್ತಿತ್ತು.

ಆ ಕಾಲದ ಇನ್ಸುಲಿನ್ ದನದ, ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ನಮ್ಮದು ಮಾಂಸ ಮುಟ್ಟದ ಮನೆ. ಅಜ್ಜಿಗೆ ಯಾರೂ ಹೇಳಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಸ್ನಾನ, ಪೂಜೆ ಮುಗಿಸಿ ಬಂದು ತೊಡೆಗೆ ಚುಚ್ಚಿಕೊಂಡು, ಹತ್ತಿಯಿಂದ ಒತ್ತಿ, ಆಮೇಲೆ ಎರಡೂ ಕೈ ಮುಗಿದು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ದೇವರಿಗೆ ಮುಗಿಯುತ್ತಾರೆ ಅಂದುಕೊಂಡಿದ್ದೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಅಮ್ಮ ಹೇಳಿದಳು, “ದೇವರಿಗಲ್ಲ ಕಣೋ, ಅದ್ಯಾವ ಹಸುವೋ ಅದಕ್ಕೆ.”

ಈ ಮಾತನ್ನು ನಾನು ಬಹಳ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ದಂಡ ಕಟ್ಟುವವನು ಕೈ ಮುಗಿಯುವುದಿಲ್ಲ. ಕಟ್ಟಿ, ರಸೀದಿ ತೆಗೆದುಕೊಂಡು ಹೊರಟುಬಿಡುತ್ತಾನೆ. ತನ್ನಲ್ಲಿಲ್ಲದ್ದನ್ನು ಇನ್ನೊಬ್ಬರು ಕೊಟ್ಟಾಗ ಮಾತ್ರ ಮನುಷ್ಯ ಕೈ ಮುಗಿಯುತ್ತಾನೆ. ಅಪ್ಪನಿಗೆ ಯಾರೂ ಕಲಿಸದೆಯೇ ಅದು ತಿಳಿದಿತ್ತು.

ಕೊಟ್ಟವರ ಸಾಲು ಉದ್ದವಿದೆ. ಟೊರಾಂಟೊದ ಆಸ್ಪತ್ರೆಯಲ್ಲಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಚುಚ್ಚುಮದ್ದು ಹಾಕಿದರು. ಅವನದು ಹೆಚ್ಚಾಗಿ ಎಳೆಯರಿಗೆ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆ. ಅಂಥ ಮಕ್ಕಳನ್ನು ಉಪವಾಸ ಕೆಡವಿ ಸಾವನ್ನು ನಾಲ್ಕು ದಿನ ಮುಂದೂಡುವುದೇ ಅಂದಿನ ಚಿಕಿತ್ಸೆಯಾಗಿತ್ತು. ಹುಡುಗ ಎಲುಬಿನ ಗೂಡಾಗಿದ್ದ. ಮೊದಲ ಮದ್ದು ಶುದ್ಧವಿರಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವಾಯಿತು. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಹಗಲಿರುಳು ಕೂತು ಅದನ್ನು ಶುದ್ಧಗೊಳಿಸಿದ ಮೇಲೆ 23ರಂದು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬದುಕಿದ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್‌ನ ತಂಡ ಅದರ ಪೇಟೆಂಟನ್ನು ತಲಾ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿತು. ಈಗ ಹಸುವೂ ಬೇಡ, ಹಂದಿಯೂ ಬೇಡ. 1982ರಲ್ಲಿ ಬ್ಯಾಕ್ಟೀರಿಯಾದಿಂದ ತೆಗೆದ ಮನುಷ್ಯ ಇನ್ಸುಲಿನ್ ಬಳಕೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ಮಾಡಿದ್ದನ್ನು ಮಾರುಕಟ್ಟೆಗೆ ತಂದಿತು. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದಾಯಾದಿಯಂಥ ಒಂದು ಜೀವಿ ಈಗ ಆ ಹಸುವಿನ ಜಾಗದಲ್ಲಿದೆ.

ಇನ್ನು ಒಳಗಿನ ಮಾತು. ಮೇದೋಜೀರಕದಲ್ಲಿ ಈ ರಸ ಸುರಿಸುವ ಜೀವಕೋಶಗಳ ಗುಂಪುಗಳನ್ನು ದ್ವೀಪಗಳು ಎನ್ನುತ್ತಾರೆ. ಸುಮಾರು ಹತ್ತು ಲಕ್ಷ ದ್ವೀಪಗಳು, ಎಲ್ಲ ಒಟ್ಟುಗೂಡಿಸಿದರೂ ಒಂದೆರಡು ಗ್ರಾಂ ತೂಕ. ಒಂದು ಚಿಟಿಕೆ ಉಪ್ಪಿನ ಹಾಗೆ. ಆ ಚಿಟಿಕೆ ನಾನು ಹುಟ್ಟಿದ ದಿನದಿಂದ, ನಿದ್ದೆಯಲ್ಲೂ ಎಚ್ಚರದಲ್ಲೂ, ಉಂಡಾಗ ಹೆಚ್ಚು, ಉಪವಾಸವಿದ್ದಾಗ ಕಡಿಮೆ ಎಂದು ಅಳೆದು ಅಳೆದು ಕೊಡುತ್ತಲೇ ಇತ್ತು. ಒಂದು ದಿನವೂ ರಜೆ ಕೇಳಲಿಲ್ಲ. ಒಂದು ದಿನವೂ ನಾನದನ್ನು ನೆನೆಯಲಿಲ್ಲ. ಈಗ ಹದಿನಾಲ್ಕು ಯೂನಿಟ್ಟಿಗೆ ಗುಂಡಿ ತಿರುಗಿಸಿ, ಒಂದೊಂದು ಯೂನಿಟ್ಟಿಗೂ ಒಂದೊಂದು ಕಟ್ ಎಂಬ ಸದ್ದು ಕೇಳುವಾಗ, ಆ ಕೆಲಸ ಎಷ್ಟು ನಾಜೂಕಿನದು ಎಂದು ಗೊತ್ತಾಗುತ್ತದೆ. ಎರಡು ಹೆಚ್ಚಾದರೆ ಕೈಕಾಲು ನಡುಗುತ್ತದೆ, ಎರಡು ಕಡಿಮೆಯಾದರೆ ರಾತ್ರಿ ನಾಲ್ಕು ಸಲ ಏಳಬೇಕು.

ಬ್ರಿಟನ್ನಿನಲ್ಲಿ 1977ರಿಂದ ಇಪ್ಪತ್ತು ವರ್ಷ, ಐದು ಸಾವಿರಕ್ಕೂ ಹೆಚ್ಚು ಮಂದಿ ನನ್ನಂಥ, ಟೈಪ್ ಎರಡರ ಸಕ್ಕರೆ ಕಾಯಿಲೆಯ ರೋಗಿಗಳನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ರೋಗ ಪತ್ತೆಯಾಗುವ ಹೊತ್ತಿಗೇ ಆ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆಮೇಲೂ ಚಿಕಿತ್ಸೆ ಯಾವುದಿರಲಿ, ವರ್ಷ ವರ್ಷ ಇಳಿಯುತ್ತಲೇ ಹೋಗುತ್ತದೆ ಎಂದು ಅದು ತೋರಿಸಿತು. ಹನ್ನೊಂದು ವರ್ಷದ ನಂತರ ನಾನು ಪೆನ್ನು ಹಿಡಿದದ್ದು ಪಥ್ಯದಲ್ಲಿ ಸೋತದ್ದಕ್ಕೆ ಮಾತ್ರವಲ್ಲ. ಬಾವಿಯ ಸೆಲೆ ಬತ್ತುತ್ತಿತ್ತು. ಇದನ್ನು ನನಗೆ ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಅಷ್ಟು ತಲೆ ತಗ್ಗಿಸುತ್ತಿರಲಿಲ್ಲ.

ನನ್ನ ಪಾಲೇನೂ ಇಲ್ಲ ಎಂದು ಹೇಳಿಕೊಳ್ಳುವುದೂ ಸುಳ್ಳಾಗುತ್ತದೆ. ಕೂತೇ ಕಳೆದ ವರ್ಷಗಳಿವೆ, ರಾತ್ರಿ ಹತ್ತಕ್ಕೆ ಉಂಡ ಅನ್ನವಿದೆ. ಆದರೆ ಕೆರೆ ಏರಿ ಒಡೆದಾಗ ಯಾರ ತಪ್ಪಿನಿಂದ ಒಡೆಯಿತು ಎಂಬ ಪಂಚಾಯ್ತಿಗೆ ಊರು ಕೂರುವುದಿಲ್ಲ, ಮೊದಲು ಮಣ್ಣು ಹೊರುತ್ತದೆ. ತಪ್ಪಿದ್ದರೂ ಇಲ್ಲದಿದ್ದರೂ ಕೊರತೆ ಕೊರತೆಯೇ, ಅದನ್ನು ತುಂಬಬೇಕು.

ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದವನಿಗೆ ಇಷ್ಟು ಸರಳ ಮಾತು ತಿಳಿಯಲು ತಡವಾಯಿತು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಲಗೆಯ ಮೇಲಿನ ಲೆಕ್ಕವನ್ನು ಬರೆದುಕೊಳ್ಳುವಾಗ ಮೂರನ್ನು ಎಂಟು ಮಾಡುವನು, ಆರನ್ನು ಸೊನ್ನೆ ಮಾಡುವನು. ಅವನ ಪುಸ್ತಕದ ಪುಟಗಳನ್ನು ಒಂದು ವರ್ಷ ಕೆಂಪು ಮಾಡಿದೆ, ಬೆಂಚಿನ ಮೇಲೂ ನಿಲ್ಲಿಸಿದೆ. ಶಾಲೆಗೆ ಕಣ್ಣಿನ ತಪಾಸಣೆಯವರು ಬಂದ ದಿನ ಗೊತ್ತಾಯಿತು, ಹಿಂದಿನ ಬೆಂಚಿನಿಂದ ಅವನಿಗೆ ಹಲಗೆಯೇ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಬಂದ ಮೊದಲ ದಿನ ಅವನು ಲೆಕ್ಕ ಬಿಟ್ಟು ಕಿಟಕಿಯಾಚೆಯ ಹೊಂಗೆ ಮರದ ಎಲೆಗಳನ್ನೇ ನೋಡುತ್ತ ಕೂತಿದ್ದ. ಕನ್ನಡಕಕ್ಕೆ ಬಂದುಬಿಟ್ಟ ಪಾಪ, ಎಂದು ಅವನನ್ನು ಯಾರೂ ಅನ್ನಲಿಲ್ಲ.

ಬಚ್ಚಿಡುವುದನ್ನು ನಾನು ಬಿಟ್ಟದ್ದು ಮಾತ್ರ ಇಂಥ ಯೋಚನೆಯಿಂದಲ್ಲ, ಒಂದು ಆರತಕ್ಷತೆಯಿಂದ. ಎರಡು ವರ್ಷದ ಹಿಂದೆ ನೆಂಟರ ಮನೆಯ ಮದುವೆ. ಎಂಟು ಗಂಟೆಗೆ ಎಲೆ ಹಾಕುತ್ತಾರೆ ಎಂದರು. ಏಳೂವರೆಗೆ ಛತ್ರದ ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಪೆನ್ನನ್ನು ಅಂಗೈಗಳ ನಡುವೆ ಉರುಳಿಸಿ, ಮಬ್ಬು ಬೆಳಕಿನಲ್ಲಿ ಅಂಕಿ ನೋಡಿ, ನಿಂತೇ ಚುಚ್ಚಿಕೊಂಡು ಬಂದೆ. ಹೊರಗೆ ಬಂದರೆ ಮೊದಲ ಪಂಕ್ತಿ ಆಗಲೇ ತುಂಬಿತ್ತು. ಎರಡನೆಯದಕ್ಕೆ ಕೂತರಾಯಿತು ಎಂದುಕೊಂಡೆ. ಅಷ್ಟರಲ್ಲಿ ಫೋಟೊಗೆ ಕರೆದರು, ವೇದಿಕೆಯ ಸಾಲಿನಲ್ಲಿ ನಿಂತೆ. ಎಂಟೂಮುಕ್ಕಾಲಿನ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಎದೆ ಡವಡವ. ತುಟಿ ಜೋಮು ಹಿಡಿದಿತ್ತು. ಹುಡುಗಿಯ ಹೆಸರು ಮರೆತುಹೋಯಿತು. ಪಕ್ಕದಲ್ಲಿದ್ದವರು ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟರು. ಪಾಪ, ಅವರಿಗೆ ಏನು ಗೊತ್ತು? ಚುಚ್ಚಿಕೊಂಡದ್ದನ್ನು ನಾನು ಯಾರಿಗೂ ಹೇಳಿಯೇ ಇರಲಿಲ್ಲವಲ್ಲ. ಹೇಳಬೇಕೆಂದಾಗ ನಾಲಿಗೆ ಹೊರಳಲಿಲ್ಲ.

ದೂರದಿಂದ ನೋಡಿದ್ದು ಚಿಕ್ಕಮ್ಮ. ಎಪ್ಪತ್ತಮೂರರ ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಾಗಿಲಿಗೆ ಓಡಿ, ಬಂದವರಿಗೆ ಪನ್ನೀರು ಚಿಮುಕಿಸಿ ಕೊಡಲು ಇಟ್ಟಿದ್ದ ಕಲ್ಲುಸಕ್ಕರೆಯ ಬಟ್ಟಲನ್ನೇ ಎತ್ತಿಕೊಂಡು ಬಂದರು. ಒಂದು ಹಿಡಿ ನನ್ನ ಬಾಯಿಗೆ ಹಾಕಿ, “ಚೀಪಬೇಡ, ಕಡಿ, ಕಡಿದು ನುಂಗು” ಎಂದರು. ಅಡುಗೆಮನೆಯಿಂದ ಸಕ್ಕರೆ ನೀರು ತರಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ನಡುಕ ಇಳಿಯಿತು. ಆಮೇಲೆ ನನ್ನ ಅಂಗಿಯ ಜೇಬಿನ ಪೆನ್ನನ್ನು ಬೆರಳಿನಿಂದ ತಟ್ಟಿ, ಮೆಲ್ಲಗೆ ಹೇಳಿದರು: “ನಂದೂ ಬ್ಯಾಗಲ್ಲಿದೆ ಕಣೋ. ಮೂರು ವರ್ಷ ಆಯ್ತು. ನಿಮಗ್ಯಾರಿಗೂ ಹೇಳಿರಲಿಲ್ಲ.”

ಒಂದೇ ಛತ್ರದಲ್ಲಿ, ಒಂದೇ ಮನೆತನದವರು, ಎರಡು ಬಚ್ಚಲುಗಳಲ್ಲಿ ಚಿಲಕ ಹಾಕಿಕೊಂಡು ಹತ್ತು ಎಣಿಸಿದ್ದೆವು.

ಮಾರನೆಯ ದಿನದಿಂದ ಮನೆಯಲ್ಲಿ ಊಟದ ಮೇಜಿನ ಬಳಿಯೇ ಕೂತು ಹಾಕಿಕೊಳ್ಳುತ್ತೇನೆ. ಮೊಮ್ಮಗಳು ಹೆದರಲಿಲ್ಲ. ಎಣಿಸುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ. ನಿನ್ನೆಯ ಜಾಗ ಬಿಟ್ಟು ಎರಡು ಬೆರಳು ಆಚೆ ಹಾಕಬೇಕು, ಒಂದೇ ಕಡೆ ಚುಚ್ಚಿದರೆ ಗಂಟಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ಹತ್ತು ಎಂದಾಗ ಸೂಜಿ ತೆಗೆಯುತ್ತೇನೆ. ಕೆಲವು ದಿನ ಅಪ್ಪನ ಹಾಗೆ ಕೈ ಮುಗಿಯುವುದೂ ಉಂಟು.

ಭಾರತದಲ್ಲಿ ಈಗ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳುತ್ತದೆ. ನೀವು ಮಾಡುವ ಮದುವೆಗೂ ಅವರಲ್ಲಿ ಕೆಲವರು ಬಂದೇ ಬರುತ್ತಾರೆ. ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಕೂರಿಸುವ ಪದ್ಧತಿ ನಮ್ಮಲ್ಲಿದೆ. ಎಲೆ ಹಾಕುವ ಮುಂಚೆ ಒಂದು ಮಾತು ಸೇರಿಸಿ, ಗಟ್ಟಿಯಾಗಿಯೇ ಕೂಗಿ ಹೇಳಿ: ಇನ್ಸುಲಿನ್ ತಗೊಂಡವರು ಯಾರಿದ್ದೀರಿ, ಮೊದಲ ಪಂಕ್ತಿಗೆ ಬನ್ನಿ.