ಚಂದ್ರನ ಮೇಲೆ ಬಂಡಿ ನಿಲ್ಲಿಸಿ

ಆರು ಚಕ್ರದ ಬಂಡಿಯನ್ನು ದಿಬ್ಬದ ನೆತ್ತಿಗೆ ಹತ್ತಿಸಿ ನಿಲ್ಲಿಸಿದ್ದೆ. ಸುತ್ತ ಬೂದಿ ಬಣ್ಣದ ನೆಲ, ಮೇಲೆ ಕಪ್ಪು ಆಕಾಶ, ಆ ಕಪ್ಪಿನಲ್ಲಿ ಭೂಮಿ. ಹಿಂದೆ ಸೋಫಾದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ಮಗಳು ತಲೆಯೆತ್ತಿ, “ಅಪ್ಪಾ, ಹ್ಯಾಂಗ್ ಆಯ್ತಾ?” ಎಂದಳು.

“ಇಲ್ಲಮ್ಮ, ನೋಡ್ತಾ ಇದೀನಿ.”

“ಏನನ್ನ?”

“ಭೂಮೀನ.”

ಅವಳು ನಕ್ಕು ಮತ್ತೆ ಮೊಬೈಲಿಗೆ ತಲೆ ಹಾಕಿದಳು. ನಾನು ಇನ್ನೂ ಐದು ನಿಮಿಷ ಅಲ್ಲೇ ನಿಂತೆ. ಆಟ ಏನೂ ಅನ್ನಲಿಲ್ಲ. ಬೇಗ ಹೋಗು ಎಂದು ಅವಸರಪಡಿಸಲಿಲ್ಲ, ಅಂಕ ಕಳೆಯಲಿಲ್ಲ. ಐವತ್ತು ದಾಟಿದ ಮೇಲೆ ಮಗಳ ಕಂಟ್ರೋಲರ್ ಕೈಗೆತ್ತಿಕೊಂಡ ನನಗೆ ವಿಡಿಯೊ ಗೇಮ್ ಎಂದರೆ ಓಟ, ಗುಂಡು, ಗಡಿಬಿಡಿ ಎಂಬ ಕಲ್ಪನೆ ಇತ್ತು. ಸುಮ್ಮನೆ ನಿಂತು ಬೆರಗಾಗಲು ಬಿಡುವ ಆಟವೂ ಇದೆ ಎಂದು ಗೊತ್ತಾದದ್ದು ಆ ರಾತ್ರಿ.

ಆಟದ ಹೆಸರು ‘ಮಾಸ್ ಎಫೆಕ್ಟ್’. ಕೆನಡಾದ ಎಡ್ಮಂಟನ್ನಿನ ಬಯೋವೇರ್ ಸಂಸ್ಥೆ 2007ರ ನವೆಂಬರಿನಲ್ಲಿ ತಂದದ್ದು. 2010 ಮತ್ತು 2012ರಲ್ಲಿ ಮುಂದಿನ ಎರಡು ಭಾಗಗಳು ಬಂದವು. ಮೂರನ್ನೂ ತಿದ್ದಿ ತೀಡಿ 2021ರಲ್ಲಿ ಒಟ್ಟಿಗೆ ಕೊಟ್ಟರು. ಮಗಳ ಹತ್ತಿರ ಇರುವುದು ಅದು. 1995ರಲ್ಲಿ ಆ ಸಂಸ್ಥೆ ಕಟ್ಟಿದವರಲ್ಲಿ ಮೂವರು ಓದಿದ್ದು ವೈದ್ಯಕೀಯವಂತೆ. ಅದಕ್ಕೋ ಏನೋ, ಎದುರು ಸಿಕ್ಕವರನ್ನೆಲ್ಲ ಎಲ್ಲಿ ನೋವು, ಎಂದಿನಿಂದ ಎಂದು ವಿಚಾರಿಸುವ ಚಾಳಿ ಈ ಆಟಕ್ಕಿದೆ. ಕಥೆ ನಡೆಯುವುದು 2183ರಲ್ಲಿ. ಆಡುವವರು ಕಮಾಂಡರ್ ಶೆಪರ್ಡ್ ಎಂಬ ಸೇನಾಧಿಕಾರಿ. ಹೆಣ್ಣೋ ಗಂಡೋ ನಮ್ಮ ಆಯ್ಕೆ. ಆ ಹೆಸರು ಬಂದದ್ದು 1961ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಅಲನ್ ಶೆಪರ್ಡ್‌ನಿಂದ. ಹತ್ತು ವರ್ಷದ ನಂತರ ಆತ ಚಂದ್ರನ ಮೇಲೂ ನಡೆದ, ಅಲ್ಲಿ ಗಾಲ್ಫ್ ಚೆಂಡನ್ನೂ ಹೊಡೆದ. ಅದೇ ಹೆಸರಿನವಳಾಗಿ ನಾನು ಚಂದ್ರನ ಮೇಲೆ ಬಂಡಿ ನಿಲ್ಲಿಸಿದ್ದೆ.

ಆಡುವ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈನಿಕ, ಎಂಜಿನಿಯರ್ ಮುಂತಾದ ಆರು ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅನುಭವ ಕೂಡಿದಂತೆ ಸಿಗುವ ಅಂಕಗಳನ್ನು ಬೇಕಾದ ವಿದ್ಯೆಗೆ ಸುರಿಯಬೇಕು. ಜತೆಗೆ ಇಬ್ಬರನ್ನು ಕರೆದುಕೊಂಡು ಗ್ರಹಗಳಿಗೆ ಇಳಿಯಬೇಕು. ಗುಂಡಿನ ಕಾಳಗ ಇದೆ, ಸಾಧಾರಣ. ಮೊದಲ ಭಾಗದ ಆ ಬಂಡಿಯಂತೂ ಚೆಂಡಿನ ಹಾಗೆ ಪುಟಿಯುತ್ತದೆ.

ಮಾತಿನ ಸಂಗತಿ ಮಾತ್ರ ಬೇರೆ. ಯಾರಾದರೂ ಎದುರು ನಿಂತು ಮಾತಾಡಿದರೆ ತೆರೆಯ ಕೆಳಗೆ ಒಂದು ಚಕ್ರ ಮೂಡುತ್ತದೆ. ಮೇಲಿನದು ಸೌಮ್ಯ ಉತ್ತರ, ಕೆಳಗಿನದು ಬಿರುಸು, ಎಡಕ್ಕೆ ಇನ್ನಷ್ಟು ಕೇಳುವ ಪ್ರಶ್ನೆಗಳು. ಚಕ್ರದಲ್ಲಿರುವುದು ಎರಡು ಮೂರು ಪದಗಳ ಸಾರ ಮಾತ್ರ. ಆರಿಸಿದ ಮೇಲೆ ಶೆಪರ್ಡ್ ಅದನ್ನು ತನ್ನ ಮಾತಿನಲ್ಲಿ ಆಡುತ್ತಾಳೆ. ಕೆಲವು ಸಲ ನಾನು ಅಂದುಕೊಂಡದ್ದಕ್ಕಿಂತ ಖಾರವಾಗಿ. ಕರಾವಳಿಯಲ್ಲಿ ಬೆಳೆದ ನನಗೆ ಇದು ತಾಳಮದ್ದಲೆ. ಭಾಗವತರು ಪದ್ಯ ಹೇಳುತ್ತಾರೆ, ಅದರ ಅರ್ಥವನ್ನು ಹಿಗ್ಗಿಸಿ ಹೇಳುವುದು ಅರ್ಥಧಾರಿಯ ಪ್ರತಿಭೆ. ವೇಷ ನನ್ನದು ಎಂದುಕೊಂಡು ಕೂತಿದ್ದವನಿಗೆ ಕೈಯಲ್ಲಿರುವುದು ಜಾಗಟೆ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಅರ್ಥ ಹೇಳುವವಳು ಅವಳು, ಪದ್ಯ ಎತ್ತಿಕೊಡುವವನು ಮಾತ್ರ ನಾನು.

ಈ ಲೋಕದಲ್ಲಿ ಎಲ್ಕೋರ್ ಎಂಬ ಜನ ಇದ್ದಾರೆ. ಆನೆಯಷ್ಟು ಗಾತ್ರ, ನಾಲ್ಕು ಕಾಲಿನ ನಡಿಗೆ. ಅವರ ಗ್ರಹದಲ್ಲಿ ಗುರುತ್ವ ವಿಪರೀತ. ಅಲ್ಲಿ ಎಡವಿ ಬಿದ್ದರೆ ಸಾವೇ. ಹಾಗಾಗಿ ಅವರು ಯಾವುದಕ್ಕೂ ಅವಸರಪಡುವವರಲ್ಲ. ಭಾವನೆಯನ್ನು ಅವರು ಪರಸ್ಪರ ತಿಳಿಯುವುದು ವಾಸನೆಯಿಂದ, ಮೈಯ ಸಣ್ಣ ಚಲನೆಗಳಿಂದ. ಬೇರೆ ಜಾತಿಯವರ ಕಿವಿಗೆ ಅವರದು ಏರಿಳಿತವಿಲ್ಲದ ದನಿ. ಅಪಾರ್ಥ ಆಗದಿರಲಿ ಎಂದು ಅವರು ಪ್ರತಿ ಮಾತಿಗೂ ಮೊದಲು ತಮ್ಮ ಭಾವವನ್ನು ಘೋಷಿಸಿಬಿಡುತ್ತಾರೆ: ಸಂತೋಷದಿಂದ, ಬೇಸರದಿಂದ, ವ್ಯಂಗ್ಯವಾಗಿ. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಈ ಪದ್ಧತಿ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು! ತಮಾಷೆ ಹಾಗಿರಲಿ, ಒಂದು ಗ್ರಹದ ತೂಕದಿಂದ ಒಂದು ಜನದ ನಯವಿನಯವನ್ನು ಹುಟ್ಟಿಸಿದ ಬರಹಗಾರರ ಬುದ್ಧಿಗೆ ನಾನು ತಲೆದೂಗಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ಲೂಟೊದ ಚಂದ್ರ ಕ್ಯಾರನ್.

ಆಟದ ಇತಿಹಾಸದಲ್ಲಿ ಮನುಷ್ಯರಿಗೆ 2148ರಲ್ಲಿ ಮಂಗಳದ ನೆಲದಡಿ ಅಳಿದ ಜನಾಂಗವೊಂದರ ಅವಶೇಷ ಸಿಗುತ್ತದೆ. ಮರುವರ್ಷ ಇನ್ನೊಂದು ಸಂಗತಿ ಗೊತ್ತಾಗುತ್ತದೆ: ಕ್ಯಾರನ್ ಉಪಗ್ರಹವೇ ಅಲ್ಲ, ಮಂಜಿನಲ್ಲಿ ಹುದುಗಿ ನಿದ್ದೆ ಹೋದ ಒಂದು ಯಂತ್ರ, ಕ್ಷೀರಪಥದ ದೂರದೂರಕ್ಕೆ ಕ್ಷಣದಲ್ಲಿ ದಾಟಿಸುವ ಹೆಬ್ಬಾಗಿಲು. ಈ ಕಲ್ಪನೆಯನ್ನು ಬರೆದಾಗ ಕ್ಯಾರನ್ನಿನ ಮುಖವನ್ನು ಯಾರೂ ಕಂಡಿರಲಿಲ್ಲ. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಅದನ್ನು ಪತ್ತೆ ಹಚ್ಚಿದ್ದು ಪ್ಲೂಟೊದ ಚಿತ್ರದಲ್ಲಿ ಕಂಡ ಒಂದು ಉಬ್ಬಿನಿಂದ. ಆಮೇಲೂ ಅದು ಒಂದು ಮಸುಕು ಬೊಟ್ಟಾಗಿಯೇ ಇತ್ತು. 2006ರ ಜನವರಿಯಲ್ಲಿ ಹೊರಟ ನ್ಯೂ ಹೊರೈಜನ್ಸ್ ನೌಕೆ ಆಟ ಬಿಡುಗಡೆಯಾದಾಗ ಇನ್ನೂ ದಾರಿಯಲ್ಲಿತ್ತು. ಯಾರೂ ನೋಡಿರದ ಜಾಗದಲ್ಲಿ ಬಾಗಿಲನ್ನು ಬಚ್ಚಿಡಬಹುದಲ್ಲ!

2015ರ ಜುಲೈ 14ರಂದು ನೌಕೆ ಪ್ಲೂಟೊವನ್ನು ಹಾದುಹೋಯಿತು. ಕ್ಯಾರನ್ ಯಂತ್ರವಾಗಿರಲಿಲ್ಲ. ಅದರ ಉತ್ತರ ಧ್ರುವ ಕೆಂಪಾಗಿತ್ತು, ಕುಂಕುಮ ಮೆತ್ತಿಕೊಂಡ ಹಾಗೆ. ವಿಜ್ಞಾನಿಗಳು ಕೊಟ್ಟ ವಿವರಣೆ ಇದು. ಪ್ಲೂಟೊದ ವಾತಾವರಣದಿಂದ ಮೀಥೇನ್ ಸೋರಿ ಹೊರಡುತ್ತದೆ, ಅದರಲ್ಲಿ ಒಂದಿಷ್ಟನ್ನು ಕ್ಯಾರನ್ ಸೆಳೆದುಕೊಳ್ಳುತ್ತದೆ. ಕ್ಯಾರನ್ನಿನ ಧ್ರುವದಲ್ಲಿ ಚಳಿಗಾಲ ನಮ್ಮ ಲೆಕ್ಕದ ನೂರು ವರ್ಷಕ್ಕೂ ಹೆಚ್ಚು. ಆ ಕತ್ತಲ ಚಳಿಗೆ ಮೀಥೇನ್ ನೆಲದ ಮೇಲೆ ಹೆಪ್ಪುಗಟ್ಟುತ್ತದೆ. ವಿಕಿರಣ ತಾಗಿ ತಾಗಿ ಅದೇ ಕೊನೆಗೆ ಕೆಂಪು ವಸ್ತುವಾಗಿ ಉಳಿದುಬಿಡುತ್ತದೆ. ಎಂದರೆ, ಒಂದರ ಉಸಿರು ಇನ್ನೊಂದರ ನೆತ್ತಿಗೆ ಬಣ್ಣ ಬಳಿಯುತ್ತಿದೆ. ಆಟದ ಹೆಬ್ಬಾಗಿಲು ಇದರ ಮುಂದೆ ನನಗೆ ಸಪ್ಪೆ ಎನಿಸಿತು.

2018ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಕ್ಯಾರನ್ನಿನ ಬೆಟ್ಟ, ಕಣಿವೆ, ಕುಳಿಗಳಿಗೆ ಹೆಸರಿಟ್ಟಿತು, ಹೆಚ್ಚಾಗಿ ಪಯಣದ ಕಥೆಗಳಿಂದ ಆರಿಸಿ. ಆರ್ಥರ್ ಕ್ಲಾರ್ಕ್ ಹೆಸರಿನ ಬೆಟ್ಟ ಇದೆ, ಕುಬ್ರಿಕ್ ಹೆಸರಿನದೂ ಇದೆ. ಒಂದು ಕುಳಿಯ ಹೆಸರು ರೇವತಿ. ನಮ್ಮ ಬಲರಾಮನ ಹೆಂಡತಿ ರೇವತಿ. ಒಕ್ಕೂಟ ಮಹಾಭಾರತವನ್ನು ಹೆಸರಿಸುತ್ತದೆ; ನಮಗೆ ಕಥೆ ವಿವರವಾಗಿ ಸಿಗುವುದು ಭಾಗವತ, ವಿಷ್ಣುಪುರಾಣಗಳಲ್ಲಿ. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಕಕುದ್ಮಿ ರಾಜ ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆದಿತ್ತು. ಮುಗಿಯಲಿ ಎಂದು ಅಪ್ಪ ಮಗಳು ಕಾದರು. ಹಾಡು ಮುಗಿದ ಮೇಲೆ ಕೇಳಿದರೆ ಬ್ರಹ್ಮ ನಕ್ಕುಬಿಟ್ಟ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದಿತ್ತು. ರಾಜ ಮನಸ್ಸಿನಲ್ಲಿಟ್ಟುಕೊಂಡ ವರಗಳೂ ಇಲ್ಲ, ಅವರ ಮೊಮ್ಮಕ್ಕಳ ಹೆಸರೂ ಇಲ್ಲ. ಭರತ ತನ್ನ ನಾಟ್ಯಶಾಸ್ತ್ರದಲ್ಲಿ ಅದ್ಭುತ ರಸಕ್ಕೆ ಬ್ರಹ್ಮನನ್ನೇ ಅಧಿದೇವತೆಯಾಗಿ ಇಟ್ಟದ್ದು ಈ ನಗುವನ್ನು ನೆನೆದಾಗ ಸರಿ ಎನಿಸುತ್ತದೆ.

ಆಟದಲ್ಲಿ ಇದರ ತಿರುವುಮುರುವು. ಲೋಕವೇ ಮುಳುಗುವ ಹೊತ್ತು ಎಂದು ಎಲ್ಲರೂ ಬೊಬ್ಬೆ ಹೊಡೆಯುತ್ತಾರೆ. ನೀವು ಮಾತ್ರ ಯಾವುದೋ ಬರಡು ಗ್ರಹದಲ್ಲಿ ಬಂಡಿ ಓಡಿಸಿಕೊಂಡು ಇರಬಹುದು. ಪ್ರಳಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕಾಯುತ್ತದೆ. ನಿಮ್ಮ ಹಾಡು ಮುಗಿಯುವವರೆಗೆ ಒಂದು ಗಳಿಗೆಯೂ ಉರುಳದು. ಈ ಧಾರಾಳಕ್ಕೆ ಒಗ್ಗಿಹೋದ ನನಗೆ ಎರಡನೇ ಭಾಗ ಸರಿಯಾಗಿ ಬರೆ ಎಳೆಯಿತು.

ಎರಡನೇ ಭಾಗದಲ್ಲಿ ಆ ಆರು ಚಕ್ರದ ಬಂಡಿ ಇಲ್ಲ. ಕಕ್ಷೆಯಿಂದಲೇ ಗ್ರಹವನ್ನು ಸ್ಕ್ಯಾನ್ ಮಾಡಿ, ಎಲ್ಲಿ ಪ್ಲಾಟಿನಮ್, ಎಲ್ಲಿ ಇರಿಡಿಯಮ್ ಎಂದು ನೋಡಿ ಅಲ್ಲಿಗೆ ಯಂತ್ರ ಇಳಿಸಬೇಕು. ಆಡಲು ಇದೇ ಸಲೀಸು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಗ್ರಹಗಳೆಲ್ಲ ಗಣಿಯ ಖಾತೆ ಪುಸ್ತಕ ಆದವು. ಕಥೆಯ ಒಂದು ಘಟ್ಟದಲ್ಲಿ ಶತ್ರುಗಳು ನನ್ನ ನೌಕೆಗೆ ನುಗ್ಗಿ ಸಿಬ್ಬಂದಿಯನ್ನೆಲ್ಲ ಹೊತ್ತೊಯ್ಯುತ್ತಾರೆ. ಹೇಗೂ ಕಾಯುತ್ತದಲ್ಲ ಎಂದು ನಾನು ಬಾಕಿ ಇದ್ದ ಇನ್ನೆರಡು ಕೆಲಸ ಮುಗಿಸಿಕೊಂಡು ಹೊರಟೆ. ಅಲ್ಲಿ ತಲಪುವಷ್ಟರಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ದಿನವೂ ನನಗೆ ಸಂದೇಶ ಬಂದಿದೆ ಎಂದು ಹೇಳುತ್ತಿದ್ದ ಹುಡುಗಿ ಕೆಲ್ಲಿ ಅವರಲ್ಲಿ ಒಬ್ಬಳು. ತಕ್ಷಣ ಹೋಗಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ಮಗಳು ಆಮೇಲೆ ಹೇಳಿದಳು. “ನಿಂಗೆ ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?” ಎಂದೆ. “ಹೇಳಿದ್ರೆ ಮಜಾ ಎಲ್ಲಿರುತ್ತೆ ಅಪ್ಪಾ” ಎಂದಳು. ಆ ರಾತ್ರಿ ನಾನು ಕಕುದ್ಮಿಯಾಗಿ ಮಲಗಿದೆ.

ಮೊದಲ ಭಾಗದ ಬರಡು ಗ್ರಹಗಳನ್ನು ಸಮಯ ಹಾಳು ಎಂದು ಬೈದವರು ಬಹಳ. ನನಗೆ ಆ ಭಾಗವೇ ಹೆಚ್ಚು. ಕ್ಲೆಂಡಗಾನ್ ಎಂಬ ಗ್ರಹದ ಬಗ್ಗೆ ಅದರಲ್ಲಿ ನಾಲ್ಕೇ ಸಾಲಿನ ಟಿಪ್ಪಣಿ. ದಕ್ಷಿಣಾರ್ಧವನ್ನು ಸೀಳಿಕೊಂಡು ಹೋದ ಒಂದು ಮಹಾಕಣಿವೆ ಅಲ್ಲಿದೆಯಂತೆ. ಅದು ತಾನಾಗಿ ಆದದ್ದಲ್ಲ, 3 ಕೋಟಿ 70 ಲಕ್ಷ ವರ್ಷಗಳ ಹಿಂದೆ ಯಾವುದೋ ಆಯುಧದ ಗುಂಡು ಸವರಿಕೊಂಡು ಹೋದ ಗಾಯ. ಯಾರು ಹೊಡೆದರು, ಯಾರಿಗೆ ಹೊಡೆದರು? ಟಿಪ್ಪಣಿ ಅಲ್ಲಿಗೆ ಮುಗಿಯುತ್ತದೆ. ಅಲ್ಲಿ ಸಿಗುವುದು ಏನೂ ಇಲ್ಲ, ಅಂಕ ಕೂಡ. ಎರಡನೇ ಭಾಗದಲ್ಲಿ ಆ ಗುಂಡು ಯಾರಿಗೆ ತಾಗಿತ್ತೆಂದು ತಿಳಿಯುತ್ತದೆ. ಸತ್ತ ದೈತ್ಯಯಂತ್ರದ ಒಳಗೇ ನಡೆದಾಡುತ್ತೇವೆ. ಭಯಂಕರ ದೃಶ್ಯ, ಒಪ್ಪುತ್ತೇನೆ. ಆದರೂ ನನ್ನ ನಿದ್ದೆ ಕೆಡಿಸಿದ್ದು ಆ ನಾಲ್ಕು ಸಾಲು.

ಆ ದೈತ್ಯಯಂತ್ರಗಳೇ ಆಟದ ವೈರಿಗಳು, ಹೆಸರು ರೀಪರ್. ಐವತ್ತು ಸಾವಿರ ವರ್ಷಕ್ಕೊಮ್ಮೆ ಬಂದು ಬೆಳೆದ ನಾಗರಿಕತೆಗಳನ್ನೆಲ್ಲ ಕೊಯ್ದು ಹೋಗುವವರು. ಮೊದಲ ಭಾಗದಲ್ಲಿ ಅವರಲ್ಲೊಬ್ಬ ಮಾತಿಗೆ ಸಿಗುತ್ತಾನೆ. ನಮಗೆ ಆದಿಯಿಲ್ಲ, ಅಂತ್ಯವಿಲ್ಲ, ನಾವು ಏಕೆ ಬರುತ್ತೇವೆಂಬುದು ನಿನ್ನ ಬುದ್ಧಿಗೆ ನಿಲುಕದು ಎಂಬ ಧಾಟಿಯ ಮಾತು. ನನಗೆ ಮೈ ಜುಮ್ಮೆಂದಿತ್ತು. ಮೂರನೇ ಭಾಗದ ಕೊನೆಯಲ್ಲಿ ಮಗುವಿನ ರೂಪದ ಒಂದು ಬುದ್ಧಿಯಂತ್ರ ಎದುರು ನಿಂತು ಏಕೆ ಬರುತ್ತಾರೆ ಎಂದು ವಿವರಿಸಿಬಿಡುತ್ತದೆ. 2012ರಲ್ಲಿ ಆ ಮುಕ್ತಾಯಕ್ಕೆ ಆಟಗಾರರು ಎಷ್ಟು ರೇಗಿದರೆಂದರೆ ಸಂಸ್ಥೆ ಜೂನ್ ತಿಂಗಳಲ್ಲಿ ಹಿಗ್ಗಿಸಿದ ಮುಕ್ತಾಯವನ್ನು ಪುಕ್ಕಟೆ ಕೊಡಬೇಕಾಯಿತು. ಅದರಲ್ಲಿ ಇನ್ನಷ್ಟು ವಿವರಣೆ!

ಇಲ್ಲಿ ನಾನು ತಡವರಿಸುತ್ತೇನೆ. ವಿವರಿಸಿದರೆ ಬೆರಗು ಸಾಯುತ್ತದೆ ಎಂದು ಹೇಳಿಬಿಡೋಣ ಎಂದರೆ ಕ್ಯಾರನ್ನಿನ ಕೆಂಪು ನೆತ್ತಿ ಅಡ್ಡ ಬರುತ್ತದೆ. ಅದನ್ನು ವಿವರಿಸಿದ ಮೇಲೇ ಅಲ್ಲವೇ ನಾನು ಇನ್ನಷ್ಟು ಬೆರಗಾದದ್ದು? ರೀಪರ್‌ನ ವಿವರಣೆ ನನ್ನ ಬಾಯಿ ಮುಚ್ಚಿಸಲು ಬಂದಿತ್ತು. ಮೀಥೇನಿನ ವಿವರಣೆ ಬಂದಾಗ ಹಾಗಾದರೆ ಪ್ಲೂಟೊ ಹೀಗೆ ಸೋರುತ್ತಾ ಎಷ್ಟು ದಿನ ಬಾಳೀತು ಎಂದು ಕೇಳುವ ಮನಸ್ಸಾಯಿತು. ವ್ಯತ್ಯಾಸ ಇಷ್ಟೆಯೋ ಏನೋ.

ಮತ್ತೆ ಚಂದ್ರನಿಗೆ ಬರುತ್ತೇನೆ. ಅಲ್ಲಿಗೆ ನಾನು ಹೋದದ್ದು ಭೂಮಿ ನೋಡಲಿಕ್ಕಲ್ಲ. ಸೇನೆಯ ತರಬೇತಿ ನೆಲೆಯ ಕಂಪ್ಯೂಟರು ಹತೋಟಿ ತಪ್ಪಿ ಕಂಡವರ ಮೇಲೆಲ್ಲ ಗುಂಡು ಹಾರಿಸುತ್ತಿತ್ತು. ಅದನ್ನು ಮುಗಿಸಿ ಬಾ ಎಂದು ಮೇಲಿನವರ ಆಜ್ಞೆ. ಮುಗಿಸಿದೆ. ಕೊನೆಯ ಭಾಗವನ್ನು ಒಡೆದಾಗ ತೆರೆಯ ಮೇಲೆ ಒಂದು ಸಂದೇಶ: ಗರಗರ ಸದ್ದು, ಅದರ ನಡುವೆ ಒಂದೇ ಸಾಲು ಸೊನ್ನೆ, ಒಂದುಗಳು. ಎಂಟೆಂಟರ ನಾಲ್ಕು ಗುಂಪು. ನಾನು ಬಟನ್ ಒತ್ತಿ ಮುಂದೆ ಹೋದೆ. ಆ ಕೆಲಸಕ್ಕೆ ಬಹುಮಾನವಾಗಿ ಹೊಸ ಪರಿಣತಿ ಸಿಕ್ಕಿತ್ತು, ಕಣ್ಣೆಲ್ಲ ಅದರ ಮೇಲೆ.

ಎರಡನೇ ಭಾಗದಲ್ಲಿ ನೌಕೆಯನ್ನು ನೋಡಿಕೊಳ್ಳುವ ಈಡಿ ಎಂಬ ಬುದ್ಧಿಯಂತ್ರ ಇದೆ. ತಣ್ಣನೆಯ ದನಿ, ಗಂಭೀರ ಮುಖದ ಹಾಸ್ಯ. ನೌಕೆಯಲ್ಲಿ ನನಗೆ ತೀರ ಹತ್ತಿರವಾದವಳು ಅವಳು. ಮೂರನೇ ಭಾಗದಲ್ಲಿ ಒಂದು ಕಡೆ ಅವಳೇ ಹೇಳುತ್ತಾಳೆ: ಅಂದು ಚಂದ್ರನ ಮೇಲೆ ಇದ್ದದ್ದು ತಾನು. 2007ರಲ್ಲಿ ಆಡಿದವರು ಈ ಮಾತು ಕೇಳಲು 2012ರವರೆಗೆ ಕಾದರು. ನಾನು ಎರಡು ತಿಂಗಳು.

ಮರುದಿನ ಮೊದಲ ಭಾಗದ ಹಳೆಯ ಸೇವ್ ತೆರೆದು ಚಂದ್ರನ ಕೆಲಸವನ್ನು ಇನ್ನೊಮ್ಮೆ ಮಾಡಿದೆ. ಕೊಲ್ಲದೆ ಬಿಡುವ ದಾರಿ ಹುಡುಕಿದೆ, ಸಿಗಲಿಲ್ಲ. ಅಂಕಿಗಳ ಸಾಲು ಬಂದಾಗ ಮಗಳನ್ನು ಕೂಗಿದೆ. ಅವಳು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು ಒಂದೊಂದೇ ಗುಂಪನ್ನು ಇಂಗ್ಲಿಷ್ ಅಕ್ಷರಕ್ಕೆ ತಂದಳು. ಎಚ್, ಇ, ಎಲ್, ಪಿ.